ಬೆಂಡು ತುಂಬಿದ ಟಯರುಗಳು

ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲು ಗೊತ್ತಿರಬೇಕಾದದ್ದು ಇಷ್ಟೆ: ಈ ಟಯರಿಗೆ ಗಾಳಿ ಹಾಕಲಿಕ್ಕಿಲ್ಲ. ಇವು ರಿಮೋಟಿನ ಆಟದ ಕಾರುಗಳು. ಓಡುವುದಕ್ಕಿಂತ ಹೆಚ್ಚಾಗಿ ಆಮೆಯ ಹಾಗೆ ಕಲ್ಲು ಹತ್ತುತ್ತವೆ. ಕ್ರಾಲರ್ ಅಂತ ಹೆಸರು. ಒಂದು ಮೊಳ ಉದ್ದದ ಗಾಡಿ, ಸುಲಿದ ತೆಂಗಿನಕಾಯಿಯಷ್ಟು ಎತ್ತರದ ಟಯರು. ಆ ಟಯರಿನ ಹೊಟ್ಟೆಯಲ್ಲಿ ಗಾಳಿಯ ಬದಲು ಬಳೆಯಾಕಾರದ ಫೋಮು ಕೂತಿರುತ್ತದೆ. ಅದನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಕತ್ತರಿಸಬೇಕು, ಎಲ್ಲಿ ಕೈ ಹಾಕಲೇಬಾರದು ಎನ್ನುವುದೇ ನಮ್ಮ ಕಸುಬು. ಕಾರಿನ ಜೊತೆ ಬರುವ ಫೋಮು ರೆಡಿಮೇಡ್ ಅಂಗಿ ಇದ್ದ ಹಾಗೆ. ಎಲ್ಲರಿಗೂ ಆಗುತ್ತದೆ, ಯಾರಿಗೂ ಸರಿಯಾಗುವುದಿಲ್ಲ.

ನಾನು ಜಯಂತಿ, ಮನೆ ಕುದ್ರೋಳಿ. ಫಳ್ನೀರಿನಲ್ಲಿ, ಕೆಳಗೆ ಕ್ಲಿನಿಕ್ಕು ಮೇಲೆ ಅಂಗಡಿ ಇರುವ ಒಂದು ಕಟ್ಟಡದಲ್ಲಿ ಈ ಕೆಲಸ ಮಾಡಿದೆ. ಹೆಬ್ಬೆರಳಿನ ಗಂಟು ಇನ್ನು ಕತ್ತರಿ ಹಿಡಿಯುವುದಿಲ್ಲ ಎಂದು ಹಟ ಹಿಡಿದ ಮೇಲೆ ಬಿಟ್ಟೆ. ಅಂಗಡಿಯ ಧಣಿ ಮೆಲ್ವಿನ್ ಪೊರ್ಬುಗಳು. ನಮ್ಮ ಕಡೆ ಕೊಂಕಣಿ ಕ್ರಿಸ್ತುವರನ್ನು ಮರ್ಯಾದೆಯಿಂದ ಪೊರ್ಬು ಎನ್ನುವುದು ರೂಢಿ. ಮೊನ್ನೆ ಅವರು ಫೋನು ಮಾಡಿ, "ಜಯಂತಿಯಕ್ಕ, ಹೊಸಬರು ಸೇರಿದ್ದಾರೆ. ನಾನು ವಿವರಿಸಿದರೆ ಓಡಿ ಹೋದಾರು. ನೀವು ಬರೆದು ಕೊಡಿ" ಎಂದರು. ವಿವರಿಸಲಿಕ್ಕೆ ನನಗೂ ಬರುವುದಿಲ್ಲ. ನಡೆದದ್ದನ್ನು ಹೇಳಬಲ್ಲೆ. ಹೇಳುತ್ತಾ ಹೋದ ಹಾಗೆ ನನ್ನ ಗಂಡನ ಕಥೆಯೂ ಬರುತ್ತದೆ, ಅದಕ್ಕೆ ನಾನು ಜವಾಬ್ದಾರಳಲ್ಲ. ಅವರನ್ನು ಬಿಟ್ಟು ನನ್ನ ಫೋಮಿನ ಕಥೆ ಇಲ್ಲ.

ಇದಕ್ಕೆ ಮೊದಲು ನಾನು ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಆಟೋ, ಬಸ್ಸುಗಳ ಸೀಟಿಗೆ ಫೋಮು ಕತ್ತರಿಸುತ್ತಿದ್ದೆ. ಆ ವರ್ಕ್‌ಶಾಪು ಮುಚ್ಚಿತು. ಪೊರ್ಬುಗಳು ಗಲ್ಫಿನಿಂದ ಬಂದು ಈ ಅಂಗಡಿ ಹಾಕಿದ್ದರು, ಫೋಮು ಗೊತ್ತಿದ್ದವರು ಬೇಕಿತ್ತು. ಹೋದೆ. ಮೇಜಿನ ಮೇಲೆ ಒಂದು ಕಾರು ಚಕ್ರ ಬಿಚ್ಚಿಸಿಕೊಂಡು ಮಲಗಿತ್ತು. ಪೊರ್ಬುಗಳು ಬಹಳ ಗಂಭೀರವಾಗಿ ಅದರ ಹೊಟ್ಟೆಯ ಕೆಳಗೆ ಟಾರ್ಚು ಬಿಡುತ್ತಿದ್ದರು.

"ಮಕ್ಕಳದ್ದಾ?" ಎಂದು ಕೇಳಿದೆ.

"ಹೃದಯದ ಡಾಕ್ಟ್ರದ್ದು" ಎಂದರು.

ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಅವರೂ ನಕ್ಕರು. ನನ್ನ ಇಂಟರ್‌ವ್ಯೂ ಅಷ್ಟೆ.

ಸೀಟಿನ ಕೆಲಸದಲ್ಲಿ ಒಂದು ನಿಯಮ ಉಂಟು: ಕೂತರೆ ತಗ್ಗಬಾರದು. ತಗ್ಗಿದರೆ ಗಿರಾಕಿ ಬಯ್ಯುತ್ತಾನೆ. ಆ ನಿಯಮವನ್ನು ನಾನು ಹಾಗೆಯೇ ಫಳ್ನೀರಿಗೆ ಹೊತ್ತು ತಂದಿದ್ದೆ. ಮೊದಲ ವಾರ ಒಬ್ಬರು ಹಲ್ಲಿನ ಡಾಕ್ಟ್ರು ಊಟದ ಬಿಡುವಿನಲ್ಲಿ, ಮಾಸ್ಕು ಇನ್ನೂ ಗದ್ದದಲ್ಲೇ ಇರುವಾಗ ಬಂದರು. "ನನ್ನ ಗಾಡಿ ಕಲ್ಲಿನ ಮೇಲೆ ಅಡ್ಡ ಹೋಗುವಾಗ ಮಗುಚಿ ಬೀಳ್ತದೆ. ಟಯರು ಮಡಚ್ತದೆ" ಎಂದರು. ಮಡಚುವುದಾ? ಅದಕ್ಕೆಂತ ಎಂದು ನಾನು ಬಸ್ಸಿನ ಸೀಟಿಗೆ ಹಾಕುವಂಥ ಗಟ್ಟಿ ಫೋಮನ್ನು ನಾಲ್ಕೂ ಟಯರಿಗೆ ಒತ್ತಿ ಒತ್ತಿ ತುಂಬಿದೆ. ಬೆರಳಿನಿಂದ ಗುದ್ದಿದರೆ ಬೆರಳೇ ನೋಯಬೇಕು, ಹಾಗೆ.

ಅಂಗಡಿಯ ಮೂಲೆಯಲ್ಲಿ ಪೊರ್ಬುಗಳು ಪರೀಕ್ಷೆಗೆಂದು ಕೆಂಪು ಮುರಕಲ್ಲು, ಹೊಳೆಯ ಕಲ್ಲು ಪೇರಿಸಿದ್ದರು. ಡಾಕ್ಟ್ರು ಗಾಡಿಯನ್ನು ಅದರ ಬುಡದಲ್ಲಿಟ್ಟು ರಿಮೋಟು ಒತ್ತಿದರು. ಗಾಡಿ ಕಲ್ಲಿಗೆ ಚಕ್ರ ಇಟ್ಟಿತು, ಪುಟಿಯಿತು. ಇನ್ನೊಮ್ಮೆ ಇಟ್ಟಿತು, ಇನ್ನೂ ಎತ್ತರ ಪುಟಿದು, ತಿರುಗಿ ಬಂದು ಡಾಕ್ಟ್ರ ಮೊಣಕಾಲಿನ ಕೆಳಗಿನ ಎಲುಬಿಗೆ ಹೊಡೆಯಿತು. ಅವರು ಒಂಟಿ ಕಾಲಿನಲ್ಲಿ ನಿಂತರು.

"ಅಯ್ಯೋ, ನೋವಾಯ್ತಾ ಡಾಕ್ಟ್ರೆ?"

"ನನಗೆ ನೋವು ಮಾಡಿ ಅಭ್ಯಾಸ ಅಕ್ಕ. ತಿಂದು ಅಭ್ಯಾಸ ಇಲ್ಲ."

ಅವತ್ತು ಪೊರ್ಬುಗಳು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಸೀಟಿನಲ್ಲಿ ತಗ್ಗುವುದು ದೋಷ, ಇಲ್ಲಿ ತಗ್ಗುವುದೇ ಕೆಲಸ. ಟಯರು ಕಲ್ಲಿನ ಮೇಲೆ ಹಿಟ್ಟಿನ ಹಾಗೆ ಕೂರಬೇಕು, ಕಲ್ಲಿನ ಮೂಲೆಯನ್ನು ಬಾಯಿಗೆ ತೆಗೆದುಕೊಳ್ಳಬೇಕು. ಆದರೆ ಅಡ್ಡ ಇಳಿಜಾರಿನಲ್ಲಿ ಪೂರ್ತಿ ಮಲಗಿಬಿಡಬಾರದು. ಆದ್ದರಿಂದ ಒಳಗೆ ಗಟ್ಟಿ ಬಳೆ, ಹೊರಗೆ ಮೆತ್ತನೆಯ ಬಳೆ. ಎದುರಿನ ಟಯರಿಗೆ ಹೆಚ್ಚು ಮೆದು, ಹಿಂದಿನದ್ದಕ್ಕೆ ಸ್ವಲ್ಪ ಬಿಗಿ, ಏಕೆಂದರೆ ಹತ್ತುವಾಗ ಭಾರ ಎಲ್ಲ ಹಿಂದಕ್ಕೆ ಜಾರುತ್ತದೆ. ಮೆತ್ತನೆಯ ಬಳೆಯ ಅಂಚಿನಲ್ಲಿ ಸುತ್ತ ತ್ರಿಕೋನದ ಕಚ್ಚು ಹಾಕಿ, ಹಲಸಿನ ಎಸಳು ತೆಗೆದ ಹಾಗೆ. ಕಚ್ಚು ಎಲ್ಲವೂ ಒಂದೇ ಆಳ ಇರಬೇಕು. ಒಂದು ಕಚ್ಚು ಹೆಚ್ಚು ಆಳವಾದರೂ ಗಾಡಿ ಆ ಜಾಗದಲ್ಲಿ ಕುಂಟುತ್ತದೆ. ಕತ್ತರಿ ಹೊಸದಿರಲಿ. ಮೊಂಡು ಕತ್ತರಿ ಫೋಮನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ.

ಎಷ್ಟು ಮೆದು ಸಾಕು ಎಂದು ತಿಳಿಯಲಿಕ್ಕೆ ಪೊರ್ಬುಗಳದ್ದು ಅವರದೇ ವಿಧಾನ. ಟಯರನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ನಿಧಾನ ತಿರುಗಿಸುತ್ತಿದ್ದರು. ಕೈಬೆರಳಿಗೆ ಕೆಲಸ ಮಾಡಿ ಮಾಡಿ ಜಡ್ಡು ಬಂದಿರುತ್ತದೆ, ಕೆನ್ನೆ ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ವಾದ. ಒಂದು ದಿನ ಅವರ ಹೆಂಡತಿ ಊಟದ ಡಬ್ಬಿ ಹಿಡಿದು ಬಂದು ಬಾಗಿಲಲ್ಲೇ ನಿಂತರು. ಪೊರ್ಬುಗಳಿಗೆ ಗೊತ್ತೇ ಇಲ್ಲ, ಕಣ್ಣು ಮುಚ್ಚಿದೆ, ಮುಖದಲ್ಲಿ ಒಂದು ನಗು.

"ನನ್ನ ಹತ್ತಿರ ಹೀಗೆ ಕಣ್ಣು ಮುಚ್ಚಿ ನಕ್ಕದ್ದು ಯಾವಾಗ ಅಂತ ನೆನಪುಂಟಾ ಮೆಲ್ವಿನ್?"

ಪೊರ್ಬುಗಳು ಗಾಬರಿಯಾಗಿ ಟಯರನ್ನು ನನ್ನ ಕೈಗೆ ದಾಟಿಸಿದರು. ನಾನೂ ಗಾಬರಿಯಲ್ಲಿ ಕೆನ್ನೆಗೆ ಒತ್ತಿಕೊಂಡೆ. ಹೇಳಬಾರದು, ಸುಖ ಉಂಟು ಅದರಲ್ಲಿ. ಹೊಸಬರು ಮಾಡಿ ನೋಡಿ, ಗಿರಾಕಿಗಳು ಇಲ್ಲದಾಗ.

ಆಗಿನ ಇನ್ನೊಂದು ಕಷ್ಟ ಈಗ ನಿಮಗಿಲ್ಲ. ಈಗ ರಿಮ್ಮಿಗೆ ಸಣ್ಣ ಸಣ್ಣ ಸ್ಕ್ರೂ ಇರುವ ರಿಂಗು ಬರುತ್ತದೆ, ಬಿಚ್ಚಿ ಫೋಮು ತೆಗೆದು ಪುನಃ ಹಾಕಬಹುದು. ಆಗ ಹೆಚ್ಚಿನ ಟಯರುಗಳನ್ನು ರಿಮ್ಮಿಗೆ ಗಮ್ಮು ಹಾಕಿ ಅಂಟಿಸಿರುತ್ತಿದ್ದರು. ಬಿಡಿಸಬೇಕಾದರೆ ಬೇಯಿಸಬೇಕು. ಪೊರ್ಬುಗಳು ಮನೆಯಿಂದ ಸಾನ್ನಾ, ಎಂದರೆ ಅವರ ಕಡೆಯ ಇಡ್ಲಿ, ಬೇಯಿಸುವ ದೊಡ್ಡ ಪಾತ್ರೆ ತಂದಿದ್ದರು. ಒಂದು ಸಲ ನಾಲ್ಕು ಚಕ್ರ ಹಾಕಿ ಕುದಿಯಲಿಕ್ಕೆ ಬಿಟ್ಟು ನಾವು ಮಾತಿಗೆ ಕೂತೆವು. ಕೆಳಗಿನ ಕ್ಲಿನಿಕ್ಕಿನಿಂದ ನರ್ಸು ಮೂಗು ಮುಚ್ಚಿಕೊಂಡು ಹತ್ತಿ ಬಂದಳು.

"ಇಲ್ಲಿ ಎಂತ ಸುಡ್ತಾ ಉಂಟು?"

"ಸುಡುದಲ್ಲ, ಬೇಯ್ತಾ ಉಂಟು" ಎಂದರು ಪೊರ್ಬುಗಳು.

"ಎಂತದ್ದು?"

"ಚಕ್ರ."

ಅವಳು ಪಾತ್ರೆಯನ್ನು ನೋಡಿದಳು, ನಮ್ಮನ್ನು ನೋಡಿದಳು, ಇಳಿದು ಹೋದಳು. ಅಂದಿನಿಂದ ನಾನು ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ಬಹಳ ದಯೆಯಿಂದ ಮಾತಾಡಿಸುತ್ತಿದ್ದಳು. ಪೊರ್ಬುಗಳ ಮನೆಯಲ್ಲಿ ಸಾನ್ನಾಕ್ಕೆ ಹೊಸ ಪಾತ್ರೆ ಬಂತು.

ಈಗ ನನ್ನ ಗಂಡನ ವಿಷಯ. ಹೆಸರು ಲೋಕನಾಥ, ಎಲ್ಲರೂ ಕರೆಯುವುದು ಲೋಕಣ್ಣ. ಅವರು ತಾಂಡೇಲರು. ಎಂದರೆ ಮೀನಿನ ಬೋಟು ನಡೆಸುವವರು, ಬೋಟಿನಲ್ಲಿ ಅವರ ಮಾತೇ ಕೊನೆ. ಸೊಂಟದ ಡಿಸ್ಕು ಜಾರಿ, ಇನ್ನು ಬೋಟು ಹತ್ತಬಾರದು ಎಂದು ಡಾಕ್ಟ್ರು ಹೇಳಿದ ಮೇಲೆ ಮನೆಯಲ್ಲೇ ಇದ್ದರು. ಮನೆಯಲ್ಲಿ ಇದ್ದರು ಎಂದರೆ ಪೂರ್ತಿ ಮನೆಯಲ್ಲೇ. ಜೀವಮಾನ ಇಡೀ ಬೋಟುಗಳು ಬಂದು ಮೀನು ಇಳಿಸುವ ದಕ್ಕೆಯಲ್ಲಿ ಬೆಳಗು ಮಾಡಿದ ಮನುಷ್ಯ, ಆ ದಿಕ್ಕಿಗೆ ಕಾಲು ಹಾಕುವುದನ್ನೇ ಬಿಟ್ಟರು. ಇವರ ಜೊತೆಗಾರ ತಾಂಡೇಲ ಉಮೇಶಣ್ಣ ನೋಡಲಿಕ್ಕೆ ಬಂದರೆ ಗೋಡೆಗೆ ಮುಖ ಮಾಡಿ ನಿದ್ದೆಯ ನಾಟಕ ಮಾಡುತ್ತಿದ್ದರು. "ಗೊರಕೆ ಹೊಡಿಯುದಿಲ್ಲ ಅಂದ ಮೇಲೆ ಎಚ್ಚರ ಉಂಟು" ಎಂದು ಉಮೇಶಣ್ಣ ಚಾ ಕುಡಿದು ಹೋಗುತ್ತಿದ್ದರು.

"ದಕ್ಕೆಗೆ ಒಮ್ಮೆ ಹೋಗಿ ಬನ್ನಿ" ಎಂದರೆ, "ಹೋಗಿ? ಬೆಂಚಿನಲ್ಲಿ ಕೂತು ಬುದ್ಧಿ ಹೇಳುವ ಮುದುಕರ ಸಾಲಿಗೆ ಸೇರುದಾ?" ಎನ್ನುತ್ತಿದ್ದರು. ಮೀನು ಕೂಡ ದಕ್ಕೆಯಿಂದ ತರಬಾರದು, ಮನೆ ಬಾಗಿಲಿಗೆ ಬರುವ ಹೆಂಗಸಿನ ಹತ್ತಿರವೇ ಕೊಳ್ಳಬೇಕು. ಬುಟ್ಟಿಯಲ್ಲಿದ್ದ ಬಂಗುಡೆಯ ಕಿವಿರು ಎತ್ತಿ ನೋಡಿ, "ಇದು ಯಾರ ಬೋಟಿನದ್ದು?" ಎಂದು ಮಾತ್ರ ಕೇಳುತ್ತಿದ್ದರು. ಅವರು ತಾವಾಗಿಯೇ ಒಂದು ದಿನ ಚಪ್ಪಲಿ ಹಾಕಿ ಆ ಕಡೆ ಹೊರಟರೆ ಸಾಕು ಎಂದು ನಾನು ಹೇಳಿಕೊಳ್ಳದ ದೇವರಿಲ್ಲ.

ಫೋಮು ಹಾಕಿದ ಗಾಡಿಯನ್ನು ಪರೀಕ್ಷೆ ಮಾಡಲಿಕ್ಕೆ ನಾನು ಮನೆಗೆ ತರುತ್ತಿದ್ದೆ. ನಮ್ಮ ಹಿತ್ತಿಲಿನ ಮುರಕಲ್ಲಿನ ಮೆಟ್ಟಿಲುಗಳು ಸವೆದು ಹಲ್ಲು ಬಿದ್ದ ಬಾಯಿಯ ಹಾಗಾಗಿವೆ, ಇದಕ್ಕೆ ಹೇಳಿ ಮಾಡಿಸಿದ ಜಾಗ. ಇವರು ಕಿಟಕಿಯಿಂದ ನೋಡಿ, "ಬೈಕಂಪಾಡಿಯಲ್ಲಿ ಇರುವಾಗ ಬುದ್ಧಿ ಸರಿ ಇತ್ತು" ಎನ್ನುತ್ತಿದ್ದರು. ಒಂದು ಸಂಜೆ ಗಾಡಿ ಒಂದು ಮೆಟ್ಟಿಲಲ್ಲಿ ಮತ್ತೆ ಮತ್ತೆ ಹಿಂದೆ ಬೀಳುತ್ತಿತ್ತು. ಕಿಟಕಿಯಿಂದ ಸ್ವರ ಬಂತು.

"ಮೂತಿ ನೇರ ಕೊಡಬೇಡ. ಕಲ್ಲನ್ನು ಅಲೆ ಅಂತ ತಿಳ್ಕೊ. ಸ್ವಲ್ಪ ಓರೆ ತಗೊ."

"ಕಿಟಕಿಯಲ್ಲಿ ಕೂತು ಹೇಳುದು ಸುಲಭ."

"ಓರೆ, ಓರೆ. ಅಯ್ಯೋ ಮಾರಾಯ್ತಿ, ಅದು ಓರೆಯಾ?"

"ಹಾಗಾದ್ರೆ ಬಂದು ಮಾಡಿ."

ಬಂದರು. ಸೊಂಟ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಬಂದು, ರಿಮೋಟು ಕಿತ್ತುಕೊಂಡರು. ಒಂದು ಚಕ್ರ ಕಲ್ಲಿನ ಮೂಲೆಗೆ ತಾಗಿಸಿ ಕಾದರು, ಮತ್ತೊಂದು ಇಟ್ಟರು, ಗಾಡಿ ಉಸಿರು ಎಳೆದ ಹಾಗೆ ಏರಿ ಮೇಲೆ ನಿಂತಿತು. ಅವರು ಸುತ್ತ ನೋಡಿದರು, ಯಾರಾದರೂ ನೋಡಿದರಾ ಎಂದು. ನಾನು ಬಟ್ಟೆ ತೆಗೆಯುವವಳ ಹಾಗೆ ಬೆನ್ನು ಹಾಕಿದೆ. ಅವತ್ತು ಗಂಜಿ ತಣ್ಣಗಾಯಿತು. ಮರುದಿನ ನಾನು ಕೆಲಸದಿಂದ ಬರುವಾಗ ಬಾಗಿಲಲ್ಲಿ ನಿಂತಿದ್ದರು. ನನಗಲ್ಲ, ಚೀಲಕ್ಕೆ.

ಅಲ್ಲಿಂದ ಮೇಲೆ ನನ್ನ ಕೆಲಸಕ್ಕೆ ಇಬ್ಬರು ಮೇಲಧಿಕಾರಿಗಳಾದರು, ಹಗಲು ಪೊರ್ಬುಗಳು, ಸಂಜೆ ಇವರು. ಪೊರ್ಬುಗಳು ಕೆನ್ನೆಯಲ್ಲಿ ನೋಡಿ ಪಾಸು ಮಾಡಿದ್ದನ್ನು ಇವರು ಮೆಟ್ಟಿಲಲ್ಲಿ ಫೇಲು ಮಾಡುತ್ತಿದ್ದರು. "ಹಿಂದಿನ ಎಡದ್ದು ಮಲಗುತ್ತದೆ. ಬಿಚ್ಚಿ ನೋಡು" ಎನ್ನುವರು. ಬಿಚ್ಚಿದರೆ ಒಂದು ಕಚ್ಚು ಅಕ್ಕಿಕಾಳಿನಷ್ಟು ಹೆಚ್ಚು ಆಳವಾಗಿರುತ್ತಿತ್ತು. ಕೆಲವು ಸಲ ಏನೂ ಇರುತ್ತಿರಲಿಲ್ಲ, ಅವರ ಕೈಯೇ ತಪ್ಪಿರುತ್ತಿತ್ತು. ಆಗ "ಈಗ ಸರಿ ಮಾಡಿದ್ದೇನೆ" ಎಂದು ಹಾಗೆಯೇ ವಾಪಸು ಕೊಡುತ್ತಿದ್ದೆ. "ನೋಡು, ಈಗ ಹೇಗೆ ಹೋಗ್ತದೆ" ಎನ್ನುವರು. ಈ ಉಪಾಯ ಗಿರಾಕಿಗಳ ಹತ್ತಿರವೂ ನಡೆಯುತ್ತದೆ, ಆದರೆ ಅಪರೂಪಕ್ಕೆ.

ಮಳೆಗಾಲದಲ್ಲಿ ನೀರಿನ ಪಾಠ ಆಯಿತು. ಟಯರು ಕಲ್ಲಿಗೆ ಒತ್ತಿ ಚಪ್ಪಟೆಯಾಗಬೇಕಾದರೆ ಒಳಗಿನ ಗಾಳಿ ಹೊರಗೆ ಹೋಗಬೇಕಲ್ಲ, ಅದಕ್ಕೆ ಟಯರಿನಲ್ಲಿ ಸಣ್ಣ ತೂತು ಬಿಡುತ್ತೇವೆ. ಗಾಳಿ ಹೋಗುವ ತೂತಿನಲ್ಲಿ ನೀರು ಬರುತ್ತದೆ. ಮೆತ್ತನೆಯ ಫೋಮು ಸಿಕ್ಕಿದಷ್ಟೂ ಕುಡಿಯುತ್ತದೆ. ಹಿತ್ತಿಲಿನ ಹೊಂಡದಲ್ಲಿ ಇವರು ಗಾಡಿ ಇಳಿಸಿ ಆಡಿದ ಮೇಲೆ ನೋಡಿದರೆ ಗಾಡಿ ಬಸುರಿಯ ಹಾಗೆ ನಡೆಯುತ್ತಿತ್ತು. ಫೋಮು ಎಲ್ಲ ತೆಗೆದು, ಹಿಂಡಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಿಸಿದೆ. ಪಕ್ಕದ ಮನೆಯ ಮೈಮುನಾ ಗೋಡೆಯ ಆಚೆಯಿಂದ ಬಹಳ ಹೊತ್ತು ನೋಡಿದಳು.

"ಎಂತ ಜಯಂತಿಯಕ್ಕ, ಉದ್ದಿನ ವಡೆ ಒಣಗಿಸ್ಲಿಕ್ಕೆ ಹಾಕಿದ್ದಾ?"

"ಹೌದು. ನಿನಗೆ ಬೇಕಾ?"

"ಬೇಡ ಮಾರಾಯ್ರೆ. ನಿಮ್ಮವರಿಗೇ ಕೊಡಿ, ಪಾಪ, ಈಗ ಸ್ವಲ್ಪ ನಗ್ತಾ ಇದ್ದಾರೆ."

ಫೋಮು ಬಿಸಿಲು ಕಾಣದೆ ಹುಳಿ ವಾಸನೆ ಹಿಡಿಯಿತು. ಇವರಿಗೆ ಅದು ಸಹಿಸಲಿಕ್ಕೆ ಆಗಲಿಲ್ಲ. "ನೀರು ಕುಡಿಯುವ ವಸ್ತುವನ್ನು ಯಾರಾದರೂ ನೀರಿಗೆ ಇಳಿಸ್ತಾರಾ?" ಎಂದು ನನ್ನನ್ನು ಅಟ್ಟ ಹತ್ತಿಸಿ, ಹಳೆಯ ಬಲೆಯೊಂದನ್ನು ಕೆಳಗೆ ತರಿಸಿದರು. ಬಲೆಯ ಮೇಲಿನ ಹಗ್ಗಕ್ಕೆ ಸಾಲಾಗಿ ಕಟ್ಟಿದ ಬೆಂಡುಗಳು, ಬಲೆ ಮುಳುಗದಂತೆ ತೇಲಿಸುವವು. ಅದೂ ಒಂದು ಬಗೆಯ ಫೋಮೇ, ಆದರೆ ಗಟ್ಟಿ, ವರ್ಷಗಟ್ಟಲೆ ಸಮುದ್ರದಲ್ಲಿದ್ದರೂ ಒಂದು ಹನಿ ಒಳಗೆ ಬಿಡದ್ದು. ಇಬ್ಬರೂ ಕೂತು ಬೆಂಡನ್ನು ಸೀಳಿ, ತುಂಡುಗಳನ್ನು ಜೋಡಿಸಿ, ಅಂಗಡಿಯದ್ದೇ ಆದ ಒಂದು ಕೆಂಪು ಜೀಪಿನ ಟಯರುಗಳಿಗೆ ಒಳಗಿನ ಬಳೆ ಮಾಡಿದೆವು. ಹೊರಗೆ ಮೆತ್ತನೆಯದ್ದು. ಹಿತ್ತಿಲಿನ ಮೆಟ್ಟಿಲನ್ನು ಗಾಡಿ ತುಪ್ಪದ ಮೇಲೆ ಹೋದ ಹಾಗೆ ಹತ್ತಿತು. ಪೊರ್ಬುಗಳು ಕೆನ್ನೆಗೆ ಒತ್ತಿ, "ದೇವರೇ" ಎಂದಷ್ಟೆ ಹೇಳಿದರು.

ಆ ಉತ್ಸಾಹದಲ್ಲಿಯೇ ಪೊರ್ಬುಗಳಿಗೆ ಪಂದ್ಯ ಇಡುವ ಯೋಚನೆ ಬಂದದ್ದು. ಜಾಗ ಅಳಿವೆಬಾಗಿಲು, ಹೊಳೆ ಸಮುದ್ರಕ್ಕೆ ಸೇರುವಲ್ಲಿ ದೊಡ್ಡ ಕಲ್ಲುಗಳನ್ನು ಹಾಕಿ ಕಟ್ಟಿದ ದಂಡೆ. ಕಲ್ಲುಗಳ ನಡುವೆ ಬಿದಿರಿನ ಕಡ್ಡಿ ಜೋಡಿ ಜೋಡಿಯಾಗಿ ನೆಡುವುದು. ಕಡ್ಡಿಗೆ ತಾಗದೆ, ಮಗುಚದೆ, ಕೊಟ್ಟ ಸಮಯದಲ್ಲಿ ನಡುವೆ ಹಾದು ಹೋದವರು ಗೆದ್ದರು.

"ಅಲ್ಲಿಗೆ ನಾನು ಬರುದಿಲ್ಲ" ಎಂದರು ಇವರು. ಕಾರಣ ಕೇಳಬೇಕಾಗಿರಲಿಲ್ಲ. ಅಲ್ಲಿಗೆ ಹೋಗಬೇಕಾದರೆ ಬಂದರಿನಿಂದ ಫೆರಿ ಹತ್ತಬೇಕು, ದಕ್ಕೆಯ ಎದುರಿನಿಂದಲೇ ಹೋಗಬೇಕು. ಬೋಟು ಬಿಟ್ಟ ತಾಂಡೇಲ ಆಟದ ಕಾರು ಹಿಡಿದು ಹೋಗುವುದನ್ನು ಇಡೀ ದಕ್ಕೆ ನೋಡಬೇಕು.

ಪೊರ್ಬುಗಳು ಮನೆಗೇ ಬಂದರು. "ಲೋಕಣ್ಣ, ನೀವು ಬರದಿದ್ರೆ ಆ ಗಾಡಿ ನಾನು ಓಡಿಸ್ಬೇಕು. ನಾನು ಓಡಿಸಿದ್ರೆ ಹಲ್ಲಿನ ಡಾಕ್ಟ್ರು ಗೆಲ್ತಾರೆ. ಅವರು ಗೆದ್ರೆ ನಾನು ಆ ಓಣಿಯಲ್ಲಿ ಅಂಗಡಿ ಇಡ್ಲಿಕ್ಕೆ ಆಗುದಿಲ್ಲ."

ಇವರು ಒಂದು ಶರತ್ತು ಹಾಕಿದರು. ಗಾಡಿ ಬುಟ್ಟಿಯ ಅಡಿಯಲ್ಲಿ ಇರಬೇಕು, ಮೇಲೆ ಹರಿವೆ ಸೊಪ್ಪು ಇರಬೇಕು.

ಹಾಗೆಯೇ ಹೋದೆವು. ಫೆರಿಯಲ್ಲಿ ಒಬ್ಬರು ಗುರುತು ಹಿಡಿದು, "ಲೋಕಣ್ಣ, ಅಪರೂಪ. ಎಲ್ಲಿಗೆ?" ಎಂದರು.

"ಹರಿವೆ ಕೊಡ್ಲಿಕ್ಕೆ" ಎಂದರು ಇವರು, ಆ ದಡದಲ್ಲಿ ಹರಿವೆಯ ಬರಗಾಲ ಬಂದ ಹಾಗೆ.

ಪೊರ್ಬುಗಳು ಹಿಂದಿನ ಸಂಜೆ ನೀರು ಇಳಿದಿದ್ದಾಗ ಬಂದು ಕಡ್ಡಿ ನೆಟ್ಟಿದ್ದರು. ದಾರಿಯ ನಡುವೆ ಪಾದ ಮುಳುಗುವಷ್ಟು ನೀರಿನ ಒಂದು ಹೊಂಡ. ಗಾಡಿಗಳು ಅದರ ತಳದಲ್ಲಿ ನಡೆದು ದಾಟಬೇಕು. ಆದರೆ ಮರುದಿನ ಭಾನುವಾರ. ಚರ್ಚಿನ ಪೂಜೆ ಮುಗಿದು, ಊಟ ಮುಗಿದು ಎಲ್ಲರೂ ಸೇರುವಷ್ಟರಲ್ಲಿ ಸಮುದ್ರದ ಭರತ ಬಂದು ಹೊಂಡ ಮೊಣಕಾಲಿಗೆ ಏರಿತ್ತು, ಕಲ್ಲಿನ ಸಂದಿನಿಂದ ಹೊಳೆಗೂ ಸೇರಿತ್ತು. ಇವರು ನೀರು ನೋಡಿ, "ಪೊರ್ಬುಗಳೇ, ಈಗ ಇಳಿತ ಸುರು ಆಗ್ತದೆ. ಈ ಸಂದಿನಲ್ಲಿ ಎಳೆತ ಉಂಟು" ಎಂದರು. "ಮೋಟರಿಗೆ ನೀರು ಹೋಗುದಿಲ್ಲ ಲೋಕಣ್ಣ, ಗ್ಯಾರಂಟಿ" ಎಂದರು ಪೊರ್ಬುಗಳು. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು, ಆದರೆ ನಾನು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದೆ.

ಹಲ್ಲಿನ ಡಾಕ್ಟ್ರ ಗಾಡಿ ನೀರಿಗೆ ಇಳಿದು ಪೂರ್ತಿ ಮುಳುಗಿತು, ತಳದಲ್ಲಿ ತಡಕಾಡಿ ಆ ಕಡೆ ಏಡಿಯ ಹಾಗೆ ಎದ್ದು ಬಂತು. ಚಪ್ಪಾಳೆ. ಇನ್ನಿಬ್ಬರದ್ದೂ ಹಾಗೆಯೇ. ಆಮೇಲೆ ನಮ್ಮದು. ಕಲ್ಲುಗಳನ್ನು ಅದು ಹತ್ತಿದ ಚಂದಕ್ಕೆ ಡಾಕ್ಟ್ರು ಬಾಯಿ ತೆರೆದು ನಿಂತರು. ಒಂದು ಕಡ್ಡಿಗೂ ತಾಗಲಿಲ್ಲ. ನೀರಿನ ಅಂಚಿಗೆ ಬಂದು, ಮೂತಿ ಬಗ್ಗಿಸಿ, ಇಳಿಯಿತು.

ಮುಳುಗಲಿಲ್ಲ.

ಬಾತುಕೋಳಿಯ ಹಾಗೆ ತೇಲಿತು. ನಾಲ್ಕು ಚಕ್ರವೂ ಗಿರಗಿರ ತಿರುಗುತ್ತಿವೆ, ತಳ ಮಾತ್ರ ಸಿಗುತ್ತಿಲ್ಲ.

"ತೂತು?" ಎಂದು ಪೊರ್ಬುಗಳು ನನ್ನನ್ನು ಕೇಳಿದರು. ನಾನು ಇವರನ್ನು ನೋಡಿದೆ.

"ಮುಚ್ಚಿದ್ದೇನೆ. ಬೋಟಿಗೆ ಹಾಕುವ ಎಂಸೀಲು" ಎಂದರು ಇವರು. "ಒಳಗೆ ಬೆಂಡು, ಹೊರಗೆ ತೂತಾ? ತೂತು ಇರುವ ವಸ್ತುವನ್ನು ನಾನು ನೀರಿಗೆ ಇಳಿಸಿದವನಲ್ಲ."

ಜಗತ್ತಿನಲ್ಲಿ ಎಷ್ಟೋ ಜನ ಕ್ರಾಲರ್ ಓಡಿಸಿರಬಹುದು. ಮುಳುಗಬೇಕಾದ ಗಾಡಿಯನ್ನು ಮುಳುಗದ ಹಾಗೆ ಮಾಡುವ ತಪ್ಪು ಮೀನು ಹಿಡಿಯುವ ನಮ್ಮ ಜಾತಿಯವರೇ ಮಾಡಬೇಕು. ನಗಬೇಕೋ ಬೇಡವೋ ಎಂದು ನೋಡುವಷ್ಟರಲ್ಲಿ ಗಾಡಿ ನಿಧಾನಕ್ಕೆ ತಿರುಗಿ, ಕಲ್ಲಿನ ಸಂದಿನ ಕಡೆ ಹೊರಟಿತು. ಇಳಿತ ಅದನ್ನು ಕೈ ಹಿಡಿದು ಕರೆದುಕೊಂಡು ಹೋದ ಹಾಗೆ ಹೊಳೆಗೆ ತಂದುಬಿಟ್ಟಿತು.

ಹೊಳೆಯಲ್ಲಿ ಉಮೇಶಣ್ಣ ಇದ್ದರು. ಮೋಟರಿನ ಸಣ್ಣ ದೋಣಿಯಲ್ಲಿ ಬಲೆ ಬಿಡಿಸುತ್ತಾ ಇದ್ದವರು ತಲೆ ಎತ್ತಿ ನೋಡಿದರು. ಒಂದು ಕೆಂಪು ಜೀಪು ತೇಲಿಕೊಂಡು ಬರುತ್ತಿದೆ. ಆಮೇಲೆ ದಂಡೆಯ ಮೇಲೆ ನೋಡಿದರು.

"ಲೋಕಣ್ಣನಾ ಅದು? ಎಂತ, ಹೊಸ ಬೋಟು ತೆಗೆದದ್ದು ಹೇಳ್ಲೇ ಇಲ್ಲ?"

ಮುಗಿಯಿತು, ಇನ್ನು ಈ ಮನುಷ್ಯ ಹಿತ್ತಿಲಿಗೂ ಬರುವುದಿಲ್ಲ ಎಂದುಕೊಂಡೆ.

"ಎತ್ತಿ ಕೊಡ್ಲಾ?" ಉಮೇಶಣ್ಣ ಮೋಟರು ಚಾಲು ಮಾಡಿದರು.

"ಹತ್ತಿರ ಬರ್ಬೇಡ" ಎಂದರು ಇವರು. ಅದು ಮನೆಯ ಸ್ವರ ಅಲ್ಲ. ಆ ಸ್ವರ ಕೇಳದೆ ಎಷ್ಟೋ ಕಾಲ ಆಗಿತ್ತು. "ನಿನ್ನ ಅಲೆಗೆ ಅದು ಮಗುಚ್ತದೆ. ಅಲ್ಲೇ ನಿಲ್ಲು."

ಇಲ್ಲಿ ಒಂದು ಮಾತು ಹೇಳಬೇಕು. ಎಂಜಿನು ಕೆಟ್ಟ ಬೋಟನ್ನು ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತರುತ್ತದೆ. ಎಳೆಸಿಕೊಂಡ ತಾಂಡೇಲನನ್ನು ದಕ್ಕೆಯಲ್ಲಿ ತಮಾಷೆ ಮಾಡುವುದು ಪದ್ಧತಿ. ಇನ್ನೊಬ್ಬ ಎಳೆಸಿಕೊಳ್ಳುವ ತನಕ ಇವನೇ ಎಲ್ಲರ ಬಾಯಿಗೆ ಎಲೆಯಡಿಕೆ. ಇವರು ಬೋಟು ನಡೆಸಿದಷ್ಟು ಕಾಲ ಒಮ್ಮೆಯೂ ಎಳೆಸಿಕೊಂಡವರಲ್ಲ. ಈಗ ಆಟದ ಕಾರಿನಲ್ಲಿ ಎಳೆಸಿಕೊಳ್ಳುತ್ತಾರಾ?

ಇವರು ನೀರಿಗೆ ಎದುರು ಹೋಗಲೇ ಇಲ್ಲ. ಗಾಡಿಯನ್ನು ಎಳೆತದ ಜೊತೆಗೇ ಬಿಟ್ಟು, ಚಕ್ರಗಳನ್ನು ಹುಟ್ಟಿನ ಹಾಗೆ ತಿರುಗಿಸುತ್ತಾ, ಸ್ವಲ್ಪ ಸ್ವಲ್ಪವೇ ಓರೆ ತೆಗೆದುಕೊಂಡರು. ದಂಡೆಯ ತುದಿಯ ಕಲ್ಲಿನ ಹಿಂದೆ ನೀರು ಸುಮ್ಮನೆ ತಿರುಗುತ್ತಾ ನಿಂತ ಜಾಗ ಉಂಟು, ಅಲ್ಲಿಗೆ ತರಬೇಕು. ಪಂದ್ಯದ ಸಮಯ ಯಾವಾಗಲೋ ಮುಗಿದಿತ್ತು, ಯಾರಿಗೂ ನೆನಪಿಲ್ಲ. ಹಲ್ಲಿನ ಡಾಕ್ಟ್ರು ಕಲ್ಲಿನಿಂದ ಕಲ್ಲಿಗೆ ಹಾರುತ್ತಾ, "ಎಡಕ್ಕೆ ಲೋಕಣ್ಣ, ಎಡಕ್ಕೆ" ಎನ್ನುತ್ತಿದ್ದರು. ಇವರು, "ಡಾಕ್ಟ್ರೆ, ಬಾಯಿ ಮುಚ್ಚಿ" ಎಂದರು. ಬಾಯಿ ತೆರೆಯಿರಿ ಎಂದು ಹೇಳಿ ಅಭ್ಯಾಸವಾದ ಮನುಷ್ಯ, ಪಾಪ, ಮುಚ್ಚಿದರು.

ಗಾಡಿ ಆ ನಿಂತ ನೀರಿಗೆ ಬಂತು. ಕಲ್ಲಿಗೆ ಇನ್ನು ಒಂದು ಕೋಲಿನಷ್ಟು ದೂರ. ಚಕ್ರ ನಿಧಾನವಾಯಿತು. ನಿಂತಿತು. ಬ್ಯಾಟರಿ ಮುಗಿದಿತ್ತು.

ಗಾಡಿ ಸುಮ್ಮನೆ ಒಂದು ಸುತ್ತು ತಿರುಗಿತು, ಮತ್ತೆ ಎಳೆತದ ಅಂಚಿಗೆ ಜಾರತೊಡಗಿತು. ಇವರು ರಿಮೋಟನ್ನು ನೋಡಿದರು, ಉಮೇಶಣ್ಣನನ್ನು ನೋಡಿದರು. ಉಮೇಶಣ್ಣ ಕೈಕಟ್ಟಿ ಕೂತು ಕಾಯುತ್ತಿದ್ದರು, ಮುಖದಲ್ಲಿ ಮಾತ್ರ ಕಲ್ಲು ಕರಗುವಂಥ ನಗು.

ಇವರ ಭುಜ ಅಲುಗುವುದು ಮೊದಲು ಕಂಡಿತು. ಅಳುತ್ತಿದ್ದಾರಾ ಎಂದು ನಾನು ಎದ್ದೆ. ನಗುತ್ತಿದ್ದರು. ಸೊಂಟ ಹಿಡಿದುಕೊಂಡು, ಕಲ್ಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ ಕೂಗಿದರು, "ಹಗ್ಗ ಬಿಸಾಡು ಮಾರಾಯ. ಎಂಜಿನು ಹೋಯ್ತು."

ಉಮೇಶಣ್ಣ ಗಾಡಿಯನ್ನು ಎತ್ತಿ ದೋಣಿಗೆ ಹಾಕಿ ಕೊಡಬಹುದಿತ್ತು. ಕೊಡಲಿಲ್ಲ. ಅದರ ಬಂಪರಿಗೆ ಗಾಳದ ನೂಲು ಕಟ್ಟಿದರು. ಆಮೇಲೆ ದೋಣಿಯನ್ನು ಕಲ್ಲಿಗೆ ತಾಗಿಸಿ, "ಬೋಟು ಎಳೆಯುವಾಗ ತಾಂಡೇಲ ದಡದಲ್ಲಿ ಇರುದಾ? ಎಲ್ಲಿಯ ಪದ್ಧತಿ ಅದು? ಹತ್ತು" ಎಂದರು. ನಾನೂ ಪೊರ್ಬುಗಳೂ ಆಚೆ ಈಚೆ ಹಿಡಿದು ಇವರನ್ನು ಇಳಿಸಿದೆವು. ಹಲ್ಲಿನ ಡಾಕ್ಟ್ರು ಇವರ ಸೊಂಟಕ್ಕೆ ದೋಣಿಯಲ್ಲಿದ್ದ ಒಂದು ಲೈಫ್‌ಜಾಕೆಟು ಮಡಚಿ ಇಟ್ಟರು.

ನಾವು ಫೆರಿಯಲ್ಲಿ ಹಿಂದೆ ಬಂದೆವು. ಎದುರಿಗೆ ದೋಣಿ, ದೋಣಿಯ ಹಿಂದೆ ನೂಲಿನಲ್ಲಿ ಕೆಂಪು ಜೀಪು ತಲೆ ಆಡಿಸುತ್ತಾ ಬರುತ್ತಿದೆ. ಉಮೇಶಣ್ಣ ನೇರ ಹೋಗಬಹುದಾದ ದಾರಿ ಬಿಟ್ಟು ದಕ್ಕೆಯ ಉದ್ದಕ್ಕೂ, ಕಟ್ಟಿ ನಿಲ್ಲಿಸಿದ ಒಂದೊಂದು ಬೋಟಿನ ಹತ್ತಿರದಿಂದಲೂ ಎಳೆದುಕೊಂಡು ಹೋದರು. ಬೋಟುಗಳಿಂದ ಜನ ಎದ್ದು ನಿಂತರು. "ಲೋಕಣ್ಣನನ್ನು ಎಳೆದುಕೊಂಡು ಬಂದ್ರು" ಎಂದು ಒಬ್ಬ ಕೂಗಿದ. ಮಾತು ಬೋಟಿನಿಂದ ಬೋಟಿಗೆ ಹೋಯಿತು. ಯಾರೋ ಬೋಟಿನ ಹಾರ್ನು ಹೊಡೆದರು, ಆಮೇಲೆ ಎಲ್ಲರೂ ಹೊಡೆದರು. ಇವರು ದೋಣಿಯ ನಡುವೆ ಕೂತು, ಎಲ್ಲರ ಬಯ್ಗುಳಕ್ಕೂ ಒಂದೊಂದು ಬಯ್ಗುಳ ವಾಪಸು ಕೊಡುತ್ತಿದ್ದರು. ಪೊರ್ಬುಗಳು ನನ್ನ ಪಕ್ಕದಲ್ಲಿ ನಿಂತು, "ಜಯಂತಿಯಕ್ಕ, ತೂತು ಮುಚ್ಚಬಾರದು ಅಂತ ಹೊಸಬರಿಗೆ ಹೇಳ್ಬೇಕು" ಎಂದರು. ಅದಕ್ಕೆ ಇಲ್ಲಿ ಹೇಳಿದ್ದೇನೆ. ಮುಚ್ಚಬಾರದು.

ಮರುದಿನ ನಾನು ಕೆಲಸದಿಂದ ಬಂದಾಗ ಮನೆಗೆ ಬೀಗ ಇತ್ತು. ಕೀ ಮೈಮುನಾಳ ಹತ್ತಿರ. "ಬೆಳಿಗ್ಗೆಯೇ ಹೋಗಿದ್ದಾರೆ, ಆ ಗಾಡಿ ಕಂಕುಳಲ್ಲಿ ಇಟ್ಕೊಂಡು. ಸೊಪ್ಪುಗಿಪ್ಪು ಎಂತದ್ದೂ ಇಲ್ಲ" ಎಂದಳು. ನಾನು ಚಾ ಇಟ್ಟೆ. ದೀಪ ಹಚ್ಚುವ ಹೊತ್ತಿಗೆ ಬಂದರು, ಕೈಯಲ್ಲಿ ಬಂಗುಡೆಯ ಚೀಲ, ಇನ್ನೊಂದು ಕೈಯಲ್ಲಿ ಗಾಡಿ. ಏಲಂ ಮುಗಿದ ಮೇಲೆ ದಕ್ಕೆಯ ತಾಂಡೇಲರೆಲ್ಲ ಸೇರಿ ಅದನ್ನು ಐಸಿನ ರಾಶಿಗೆ ಹತ್ತಿಸಿದ್ದರಂತೆ. ಟಯರಿನ ಸಂದುಗೊಂದುಗಳಲ್ಲಿ ಮೀನಿನ ಪೊರೆ ಮಿನುಗುತ್ತಿತ್ತು. ಮನೆ ಇಡೀ ನಾರಿತು. ಅವರು ಅದನ್ನು ನನ್ನ ಮಡಿಲಿಗೆ ಇಟ್ಟು, ನೀರು ಸಹ ಕುಡಿಯದೆ ಹೇಳಿದರು:

"ಐಸಿನ ಮೇಲೆ ಹಿಂದಿನದ್ದು ಜಾರ್ತದೆ. ಸ್ವಲ್ಪ ಮೆದು ಮಾಡು. ನಾಳೆ ಬೆಳಿಗ್ಗೆಗೆ ಬೇಕು, ಉಮೇಶ ಕಾಯ್ತಾನೆ."